ಹನ್ನೆರಡೂವರೆಗೆ ನಿಂತ ಸ್ಟೇರಿಂಗ್

ನಮ್ಮ ಮಾವನವರ ಮಾರುತಿ 800ರ ಸ್ಟೇರಿಂಗ್ ಎರಡು ವರ್ಷ ಹನ್ನೆರಡೂವರೆ ತೋರಿಸುತ್ತಾ ಇತ್ತು. ಗಡಿಯಾರದಲ್ಲಿ ಹನ್ನೆರಡೂವರೆ ಆದಾಗ ಗಂಟೆ ಮುಳ್ಳು ಎಲ್ಲಿರುತ್ತೆ ನೋಡಿ, ಹನ್ನೆರಡಕ್ಕೂ ಒಂದಕ್ಕೂ ನಡುವೆ. ಸರಿಯಾಗಿ ಅಷ್ಟೇ ಬಲಕ್ಕೆ ವಾಲಿತ್ತು. ಕಾರು ಮಾತ್ರ ನೆಟ್ಟಗೆ ಹೋಗುತ್ತಿತ್ತು. ಕೈ ಸಡಿಲ ಬಿಟ್ಟರೂ ಆ ಕಡೆ ಈ ಕಡೆ ಎಳೆಯುತ್ತಿರಲಿಲ್ಲ. ಮಾವ ತಮ್ಮ ಬಲಭುಜವನ್ನು ಸ್ವಲ್ಪ ಇಳಿಸಿ, ತಲೆಯನ್ನೂ ಅದರ ಜೊತೆಗೇ ವಾಲಿಸಿಕೊಂಡು ಓಡಿಸುತ್ತಿದ್ದರು. ಹಿಂದಿನ ಸೀಟಲ್ಲಿ ಕೂತವರಿಗೆ ಅವರು ರಸ್ತೆಯಲ್ಲಿ ಏನನ್ನೋ ಇಣುಕಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

"ಮಾವ, ಇದು ಯಾಕೆ ಹೀಗಿದೆ?"

"ಹೇಗಿದೆ?"

"ಸೊಟ್ಟ ಇದೆ."

"ಓ, ಅದಾ. ಅಭ್ಯಾಸ ಆಗುತ್ತೆ ಬಿಡಿ ಅಳಿಯಂದ್ರೆ."

ಅವರ ಊರು ಸಕಲೇಶಪುರದ ಹತ್ತಿರ. ಸ್ವಲ್ಪ ಕಾಫಿ ತೋಟ, ಮನೆ ಮುಂದೆ ಸಿಮೆಂಟಿನ ಕಣ, ಪಕ್ಕದಲ್ಲಿ ಹೆಂಚಿನ ಕೊಟ್ಟಿಗೆ. ಈಗ ಅದರಲ್ಲಿ ದನ ಇಲ್ಲ, ಕಾರಿದೆ. 2004ರಲ್ಲಿ ಹೊಸದಾಗಿ ತಂದಿದ್ದು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ತಿರುವಿನ ಗುಂಡಿಗೆ ಎಡಗಡೆ ಮುಂದಿನ ಚಕ್ರ ಧಡ್ ಅಂತ ಬಿದ್ದಿತ್ತಂತೆ. ಆಮೇಲೆ ಲೊಡಲೊಡ ಸದ್ದು. ಒಬ್ಬ ಮೆಕ್ಯಾನಿಕ್ ನೋಡಿ, ಚಕ್ರ ತಿರುಗಿಸೋ ಟೈ ರಾಡ್ ಅನ್ನೋ ಕಂಬಿಯ ತುದಿಯ ಬಾಲ್ ಜಾಯಿಂಟ್ ಹೋಗಿದೆ ಅಂತ ಹೊಸದು ಹಾಕಿಕೊಟ್ಟ. ಸದ್ದು ನಿಂತಿತು. ಸ್ಟೇರಿಂಗ್ ಸೊಟ್ಟಗಾಯಿತು. ಅಲೈನ್‌ಮೆಂಟ್ ಮಾಡಿಸಿ, ಅಂದರೆ ಚಕ್ರಗಳ ದಿಕ್ಕು ಅಳೆದು ಸರಿ ಮಾಡಿಸಿ, ಅಂತ ಆತ ಹೇಳಿದ್ದನಂತೆ. ಅದೊಂದಕ್ಕೋಸ್ಕರ ಹಾಸನಕ್ಕೆ 40 ಕಿಲೋಮೀಟರ್ ಹೋಗುವವರಲ್ಲ ನಮ್ಮ ಮಾವ.

ಕಳೆದ ದಸರಾಕ್ಕೆ ನಾವು ಹೋದಾಗ ಆಯುಧ ಪೂಜೆಗೆ ಇನ್ನೂ ಎರಡು ದಿನ ಇತ್ತು. ಕಾರು ತೊಳೆಯೋ ಕೆಲಸ ಅಳಿಯನದು. ಪೈಪ್ ಹಿಡಿದು ಮುಂದಿನ ಚಕ್ರದ ಒಳಗಡೆ ಕೆಸರು ಬಿಡಿಸುವಾಗ ಬೆರಳಿಗೆ ಏನೋ ಚೂಪಾಗಿ ತಗುಲಿತು. ಬಗ್ಗಿ ನೋಡಿದರೆ ಟೈರಿನ ಒಳ ಅಂಚು. ಹೊರಗಡೆಯಿಂದ ನೋಡಿದರೆ ಟೈರು ಚೆನ್ನಾಗೇ ಇತ್ತು. ಒಳ ಅಂಚು ಮಾತ್ರ ತುರಿಮಣೆಗೆ ಹಿಡಿದ ಹಾಗೆ ಸವೆದು, ರಬ್ಬರು ಗರಿಗರಿಯಾಗಿ ಎದ್ದಿತ್ತು. ಬಲಗಡೆಯದನ್ನೂ ನೋಡಿದೆ. ಅಲ್ಲೂ ಒಳ ಅಂಚೇ. ಆ ಹೊತ್ತಿನಲ್ಲಿ ಇದಕ್ಕೂ ಸ್ಟೇರಿಂಗಿಗೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ. ಟೈರು ಹಳೇದು, ಬದಲಾಯಿಸಬೇಕು ಅಂತ ಅಷ್ಟೇ ಅಂದುಕೊಂಡೆ.

ಸ್ಟೇರಿಂಗನ್ನು ಮಾತ್ರ ಇವತ್ತೇ ಸರಿ ಮಾಡಿಬಿಡೋಣ ಅನ್ನಿಸಿತು. ಹಬ್ಬಕ್ಕೆ ಹೂವು ಹಾಕುವಾಗ ಹಾರ ಸೊಟ್ಟಗೆ ನೇತಾಡಬಾರದಲ್ವಾ.

ನಾನು ಮೊದಲು ಮಾಡಿದ್ದು ದೊಡ್ಡ ಪೆದ್ದು ಕೆಲಸ. ಅದನ್ನೂ ಹೇಳಿಬಿಡುತ್ತೇನೆ.

ಸ್ಟೇರಿಂಗ್ ಸೊಟ್ಟ ಇದೆ ಅಂದ ಮೇಲೆ ಸ್ಟೇರಿಂಗನ್ನೇ ಬಿಚ್ಚಿ ನೆಟ್ಟಗೆ ಕೂರಿಸಿದರೆ ಆಯಿತು. ಹಾಗಂತ ಯಾರಿಗಾದರೂ ಅನ್ನಿಸುತ್ತೆ. ಹಾರ್ನಿನ ಮುಚ್ಚಳ ತೆಗೆದರೆ ನಡುವೆ ಒಂದು ದಪ್ಪ ನಟ್ಟು. ಅದರ ಕೆಳಗೆ ಕಂಬಿಯ ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಹಲ್ಲು. ಆ ಹಲ್ಲಿಗೆ ಸ್ಟೇರಿಂಗ್ ಕಚ್ಚಿ ಕೂತಿರುತ್ತೆ. ಬ್ಯಾಟರಿ ವೈರು ಬಿಚ್ಚಿ, ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಸಡಿಲಿಸಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ನಟ್ಟು ಪೂರ್ತಿ ತೆಗೆದು ಜಗ್ಗಿದರೆ ಸ್ಟೇರಿಂಗ್ ಒಮ್ಮೆಲೇ ಕಿತ್ತುಬಂದು ಮೂಗಿಗೆ ಬಡಿಯುತ್ತೆ. ಇದು ನನಗೆ ಗೊತ್ತಿದ್ದ ಒಂದೇ ಬುದ್ಧಿವಂತಿಕೆ. ಇನ್ನೊಂದು ಒಳ್ಳೆ ಕೆಲಸ ಹೆಂಡತಿ ಮಾಡಿದಳು. ಬಿಚ್ಚೋಕೆ ಮೊದಲೇ ತನ್ನ ನೈಲ್ ಪಾಲಿಶ್ ತಂದು ಕಂಬಿಗೂ ಸ್ಟೇರಿಂಗಿಗೂ ಸೇರಿಸಿ ಒಂದು ಕೆಂಪು ಗೀಟು ಎಳೆದಳು. "ಮತ್ತೆ ಹಳೇ ಜಾಗಕ್ಕೆ ಹಾಕಬೇಕಾಗುತ್ತೆ, ನೋಡ್ತಿರಿ" ಅಂದಳು. ನನ್ನ ಮೇಲಿನ ನಂಬಿಕೆ ಅಷ್ಟು.

ಒಂದು ಹಲ್ಲು ಎಡಕ್ಕೆ ಸರಿಸಿ ಕೂರಿಸಿದೆ. ಗೇಟಿನವರೆಗೆ ಓಡಿಸಿದರೆ ಇನ್ನೂ ಸ್ವಲ್ಪ ಬಲಕ್ಕೇ ವಾಲಿತ್ತು. ಎರಡು ಹಲ್ಲು ಸರಿಸಿದೆ. ಈಗ ಎಡಕ್ಕೆ ವಾಲಿತು. ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಸುತ್ತ 36 ಹಲ್ಲು ಇದ್ದರೆ ಒಂದೊಂದಕ್ಕೆ 10 ಡಿಗ್ರಿ. ನಮ್ಮ ಹನ್ನೆರಡೂವರೆ ಅಂದರೆ 15 ಡಿಗ್ರಿ. ಎರಡು ಹಲ್ಲಿನ ನಡುವೆ ಸಿಕ್ಕಿಬಿದ್ದಿದೆ. ಅರ್ಧ ಹಲ್ಲು ಸರಿಸೋಕೆ ಆಗಲ್ಲ.

ಮಾವ ಬಂದು ನೋಡಿದರು. "ಮೊದಲು ಆ ಕಡೆ ಸೊಟ್ಟ ಇತ್ತು, ಈಗ ಈ ಕಡೆ. ಪರವಾಗಿಲ್ಲ, ಬದಲಾವಣೆ ಇರಲಿ" ಅಂದರು.

ಆಗ ತೆಪ್ಪಗೆ ಕೂತು ಯೋಚನೆ ಮಾಡಿದೆ. ಸ್ಟೇರಿಂಗ್ ಸೊಟ್ಟಗಿದೆ ಅಂತ ನನಗೆ ಹೇಳಿದ್ದು ಯಾರು? ಸ್ಟೇರಿಂಗೇ. ಅದು ಸುಮ್ನೆ ಸುದ್ದಿ ಹೇಳೋ ಮುಳ್ಳು. ಗಡಿಯಾರ ತಪ್ಪಾಗಿ ಓಡುತ್ತಿದ್ದರೆ ಮುಳ್ಳನ್ನು ಕಿತ್ತು ಬೇರೆ ಕಡೆ ಅಂಟಿಸುತ್ತೇವಾ?

ಕೆಂಪು ಗೀಟಿಗೆ ಗೀಟು ಕೂಡಿಸಿ ಸ್ಟೇರಿಂಗನ್ನು ಹಳೇ ಜಾಗಕ್ಕೇ ಕೂರಿಸಿದೆ. ಹೆಂಡತಿ ಏನೂ ಹೇಳಲಿಲ್ಲ. ಹೇಳದಿದ್ದರೆ ಅದು ಜಾಸ್ತಿ.

ಇಲ್ಲಿ ಒಂದು ಮಾತು. ಇದನ್ನು ಓದಿ ಹೊಸ ಕಾರಿನ ಸ್ಟೇರಿಂಗ್ ಬಿಚ್ಚೋಕೆ ದಯವಿಟ್ಟು ಹೋಗಬೇಡಿ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅದು ಇರುವುದು ಸ್ಟೇರಿಂಗಿನ ಎದೆಯಲ್ಲೇ. ತಪ್ಪಾಗಿ ಸಿಡಿದರೆ ಮುಖಕ್ಕೇ. ಅದರ ಹಿಂದೆ ಸುರುಳಿ ಸುತ್ತಿದ ಒಂದು ತೆಳು ವೈರಿನ ಪಟ್ಟಿ ಇರುತ್ತೆ, ಅದನ್ನು ಒಂದು ಸುತ್ತು ಆಚೀಚೆ ಮಾಡಿದರೆ ಆಮೇಲೊಂದು ದಿನ ಕಿತ್ತುಹೋಗುತ್ತೆ. ಕೆಲವು ಕಾರುಗಳಲ್ಲಿ ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸೆನ್ಸರ್ ಕೂಡ ಇದೆ. ಅದಕ್ಕೆ ಸುಳ್ಳು ಹೇಳಿದರೆ ಬ್ರೇಕಿನ ಕಂಪ್ಯೂಟರಿಗೆ ತಲೆ ಕೆಡುತ್ತೆ. ಮಾವನ ಕಾರಲ್ಲಿ ಇವ್ಯಾವುದೂ ಇಲ್ಲ. ಪವರ್ ಸ್ಟೇರಿಂಗೂ ಇಲ್ಲ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀಲಿ ಕೊಟ್ಟಾಗಿನಿಂದ 2014ರ ಜನವರಿಯಲ್ಲಿ ತಯಾರಿ ನಿಲ್ಲಿಸುವವರೆಗೂ ಅದರ ದೊಡ್ಡ ಗುಣ ಇದೇ. ಬಗ್ಗಿದರೆ ಎಲ್ಲಾ ಕಾಣುತ್ತೆ.

ಬಗ್ಗಿದರೆ ಕಾಣೋದು ಹೀಗೆ. ಸ್ಟೇರಿಂಗ್ ಕಂಬಿಯ ಕೆಳ ತುದಿಯಲ್ಲಿ ಒಂದು ಪುಟ್ಟ ಗೇರು. ಅದು ಅಡ್ಡ ಮಲಗಿದ ಹಲ್ಲಿನ ಕಂಬಿಯೊಂದನ್ನು ಎಡಕ್ಕೂ ಬಲಕ್ಕೂ ನೂಕುತ್ತೆ. ಅದನ್ನೇ ರ‍್ಯಾಕ್ ಅನ್ನೋದು. ರ‍್ಯಾಕಿನ ಎರಡೂ ತುದಿಗೆ ಒಂದೊಂದು ಟೈ ರಾಡ್, ಅದರ ತುದಿಗೆ ಬಾಲ್ ಜಾಯಿಂಟ್, ಅದು ಹೋಗಿ ಚಕ್ರದ ತೋಳನ್ನು ಹಿಡಿದುಕೊಂಡಿರುತ್ತೆ. ರಾಡು ಬಾಲ್ ಜಾಯಿಂಟಿನೊಳಗೆ ಥ್ರೆಡ್‌ನಲ್ಲಿ ಕೂತಿರುವುದರಿಂದ ತಿರುಗಿಸಿದರೆ ಉದ್ದವಾಗುತ್ತೆ ಅಥವಾ ಗಿಡ್ಡವಾಗುತ್ತೆ. ಆಮೇಲೆ ಅಲ್ಲಾಡದ ಹಾಗೆ ಲಾಕ್ ನಟ್ಟು ಬಿಗಿಯಬೇಕು. ಈ ಕಾರಲ್ಲಿ ರ‍್ಯಾಕ್ ಇರುವುದು ಚಕ್ರದ ನಡುಮಧ್ಯಕ್ಕಿಂತ ಹಿಂದೆ. ಹಾಗಾಗಿ ರಾಡು ಉದ್ದವಾದರೆ ಚಕ್ರದ ಹಿಂಭಾಗ ಹೊರಗೆ ಹೋಗಿ ಮೂಗು ಒಳಗೆ ಬರುತ್ತೆ. ಗಿಡ್ಡವಾದರೆ ಮೂಗು ಹೊರಗೆ. ರ‍್ಯಾಕ್ ಮುಂದೆ ಇರುವ ಕಾರುಗಳಲ್ಲಿ ಇದೆಲ್ಲಾ ಉಲ್ಟಾ. ನಿಮ್ಮ ಕಾರನ್ನು ಬಗ್ಗಿ ನೋಡದೆ ನನ್ನ ಮಾತು ನಂಬಬೇಡಿ.

ಸ್ಟೇರಿಂಗ್ ಬಿಚ್ಚಬೇಕಿತ್ತೋ ಬೇಡವೋ ಅಂತ ತಿಳಿಯೋಕೆ ಬಿಚ್ಚಲೇಬೇಕಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿಂದ ಪೂರ್ತಿ ಬಲಕ್ಕೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ವಾಪಸ್ ಬಂದು ನಿಲ್ಲಿಸಿದರೆ ರ‍್ಯಾಕ್ ಸರಿಯಾಗಿ ನಡುವೆ ಬಂತು ಅಂತ ಅರ್ಥ. ಹಾಗೆ ಮಾಡಿದೆ. ಸ್ಟೇರಿಂಗ್ ಹನ್ನೆರಡಕ್ಕೆ ನಿಂತಿತು, ಚೂರೂ ಆಚೀಚೆ ಇಲ್ಲ. ಅಂದರೆ ಸ್ಟೇರಿಂಗಿನದು ಏನೂ ತಪ್ಪಿಲ್ಲ. ಫ್ಯಾಕ್ಟರಿಯಲ್ಲಿ ಹೇಗೆ ಕೂರಿಸಿದ್ದರೋ ಹಾಗೇ ಇದೆ. ತಪ್ಪು ಕೆಳಗಿದೆ.

ರಾತ್ರಿ ಊಟ ಆದಮೇಲೆ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿದೆ. ಇನ್ಸುಲೇಷನ್ ಟೇಪಿನ ತುಂಡೊಂದನ್ನು ಸ್ಟೇರಿಂಗಿನ ನೆತ್ತಿಗೆ ಅಂಟಿಸಿದ್ದೆ. ಕಾರು ನೆಟ್ಟಗೆ ಹೋಗುವಾಗ ಅದು ನಡುವಿನಿಂದ 5 ಸೆಂಟಿಮೀಟರ್ ಬಲಕ್ಕೆ ಇರುತ್ತಿತ್ತು. ಸ್ಟೇರಿಂಗಿನ ಸುತ್ತಳತೆ ದಾರ ಹಿಡಿದು ಅಳೆದರೆ 119 ಸೆಂಟಿಮೀಟರ್. ಒಂದು ಪೂರ್ತಿ ಸುತ್ತು ತಿರುಗಿಸಿದರೆ ರ‍್ಯಾಕ್ ಸುಮಾರು 38 ಮಿಲಿಮೀಟರ್ ಓಡುತ್ತೆ, ಅದನ್ನೂ ಸ್ಕೇಲಿಟ್ಟು ನೋಡಿದ್ದೆ. 38ನ್ನು 5ರಿಂದ ಗುಣಿಸಿ 119ರಿಂದ ಭಾಗಿಸಿದರೆ 1.6. ಅಂದರೆ ರ‍್ಯಾಕ್ ನಡುವಿನಿಂದ ಬರೀ 1.6 ಮಿಲಿಮೀಟರ್ ಎಡಕ್ಕೆ ಸರಿದಿದೆ. ಎರಡು ವರ್ಷ ಮಾವನ ಕತ್ತು ವಾಲಿಸಿದ್ದು ಅಕ್ಕಿ ಕಾಳಿನ ದಪ್ಪದಷ್ಟು ವ್ಯತ್ಯಾಸ.

ರಾಡಿನ ಥ್ರೆಡ್‌ನಲ್ಲಿ 10 ಎಳೆಗೆ 12.5 ಮಿಲಿಮೀಟರ್. ಒಂದು ಸುತ್ತಿಗೆ 1.25. ಹಾಗಾದರೆ ಎಡಗಡೆ ರಾಡನ್ನು ಒಂದೂಕಾಲು ಸುತ್ತು ಉದ್ದ ಮಾಡಬೇಕು, ಬಲಗಡೆಯದನ್ನು ಒಂದೂಕಾಲು ಸುತ್ತು ಗಿಡ್ಡ ಮಾಡಬೇಕು. ಸ್ಟೇರಿಂಗ್ ಹನ್ನೆರಡಕ್ಕೆ ಬರುತ್ತೆ. ಮುಗೀತು. ಕ್ಯಾಲೆಂಡರಿನ ಮೇಲೆ ಉತ್ತರಕ್ಕೆ ಎರಡು ಗೀಟು ಎಳೆದು ಮಲಗಿದೆ.

ನಿದ್ದೆ ಬರಲಿಲ್ಲ. ಟೈರಿನ ಒಳ ಅಂಚು ನೆನಪಾಯಿತು. ಎರಡೂ ಚಕ್ರದ್ದು ಯಾಕೆ ಒಳಗಡೆನೇ ಸವೆದಿದೆ? ಸ್ಟೇರಿಂಗ್ ಮಾತ್ರ ಸೊಟ್ಟ ಇದ್ದು ಚಕ್ರಗಳು ಒಂದಕ್ಕೊಂದು ಸರಿಯಾಗಿದ್ದರೆ ಟೈರು ಸವೆಯೋಕೆ ಕಾರಣವೇ ಇಲ್ಲ. ಇಬ್ಬರು ಒಟ್ಟಿಗೆ ಒಂದೇ ದಿಕ್ಕಿಗೆ ನೋಡಿಕೊಂಡು ನಡೆಯುತ್ತಿದ್ದರೆ ಚಪ್ಪಲಿ ಯಾಕೆ ಸವೆಯಬೇಕು?

ಬೆಳಿಗ್ಗೆ ಕಾಫಿ ಕುಡಿಯೋದಕ್ಕೂ ಮೊದಲೇ ಕಣಕ್ಕೆ ಕಾರು ತಂದೆ.

ಕಾಫಿ ಕಣಕ್ಕಿಂತ ಒಳ್ಳೆ ಜಾಗ ಈ ಕೆಲಸಕ್ಕೆ ಸಿಗೋದು ಕಷ್ಟ. ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ. ನಯವಾದ ಸಿಮೆಂಟು, ಗುಂಡಿ ಇಲ್ಲ. "ಪೂರ್ತಿ ಮಟ್ಟ ಅಂತ ತಿಳ್ಕೋಬೇಡಿ, ಮಳೆ ನೀರು ಹೋಗೋಕೆ ಇಳಿಜಾರು ಕೊಟ್ಟಿದೆ" ಅಂದರು ಮಾವ, ಜಗಲಿಯಿಂದಲೇ. ಗಾರೆ ಕೆಲಸದವರು ಬಿಟ್ಟುಹೋಗಿದ್ದ ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ನೋಡಿದೆವು. ಇಳಿಜಾರು ಉದ್ದಕ್ಕಿತ್ತು. ಕಾರನ್ನು ಆ ದಿಕ್ಕಿಗೇ ನಿಲ್ಲಿಸಿದರೆ ಎಡ ಬಲ ಚಕ್ರ ಒಂದೇ ಮಟ್ಟಕ್ಕೆ ಬರುತ್ತಿದ್ದವು. ಸಾಕು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ನಾಲ್ಕೂ ಟೈರಿಗೆ ಗಾಳಿ ಒಂದೇ ಸಮ ಮಾಡಿದೆ. ಒಂದರಲ್ಲಿ ಗಾಳಿ ಕಮ್ಮಿ ಇದ್ದರೆ ಅಳತೆಯೆಲ್ಲಾ ಸುಳ್ಳು.

ಆಮೇಲೆ ದಾರ. ಗಾರೆಯವರ ನೈಲಾನ್ ದಾರವನ್ನು ಕಾರಿನ ಎರಡೂ ಪಕ್ಕ, ಚಕ್ರದ ನಡುಮಟ್ಟಕ್ಕೆ, ಪೇಂಟ್ ಡಬ್ಬಗಳ ಮೇಲೆ ಬಿಗಿಯಾಗಿ ಕಟ್ಟಬೇಕು. ಎರಡು ದಾರವೂ ಕಾರಿನ ನಡುಗೆರೆಗೆ ಸಮಾನಾಂತರ ಇರಬೇಕು. ಇದೇ ತಾಳ್ಮೆ ಬೇಡೋ ಕೆಲಸ. ಮುಂದಿನ ಚಕ್ರಗಳ ನಡುವಿನ ಅಂತರ, ಹಿಂದಿನವುಗಳ ಅಂತರ ಸಾಮಾನ್ಯವಾಗಿ ಒಂದೇ ಇರಲ್ಲ. ಹಾಗಾಗಿ ಮುಂದೆ ಎಡ ಬಲ ಒಂದೇ ದೂರ, ಹಿಂದೆ ಎಡ ಬಲ ಒಂದೇ ದೂರ, ಎರಡು ದಾರಗಳ ನಡುವಿನ ದೂರ ಮುಂದೂ ಹಿಂದೂ ಒಂದೇ, ಹೀಗೆ ಮೂರನ್ನೂ ಕೂಡಿಸಬೇಕು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಒಂದು ಗಂಟೆ ಹೋಯಿತು. ನಡುವೆ ನಾಯಿ ಬಂದು ದಾರ ಎಡವಿ ಡಬ್ಬ ಬೀಳಿಸಿತು. ಅತ್ತೆ ಅಕ್ಕಿರೊಟ್ಟಿ ತಟ್ಟೆ ಹಿಡಿದು ಬಂದು, ದಾರ ದಾಟಲೋ ಬೇಡವೋ ಅಂತ ಆಚೆನೇ ನಿಂತರು.

ಕಾರನ್ನು ಸ್ವಲ್ಪ ಮುಂದಕ್ಕೆ ನೂಕಿ ತಾನಾಗೇ ನೆಟ್ಟಗೆ ಉರುಳಿ ನಿಂತಾಗ, ಅಂದರೆ ಸ್ಟೇರಿಂಗ್ ಹನ್ನೆರಡೂವರೆಯಲ್ಲಿ ಇರುವಾಗ, ಮೊದಲು ಅಳೆದೆ. ದಾರದಿಂದ ಡಿಸ್ಕಿನ, ಅಂದರೆ ಟೈರು ಕೂರುವ ರಿಮ್ಮಿನ, ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು. ಎಡ ಚಕ್ರದಲ್ಲಿ ಮುಂದಿನ ಅಂಚು ದಾರಕ್ಕೆ 5 ಮಿಲಿಮೀಟರ್ ಹತ್ತಿರ ಇತ್ತು. ಬಲ ಚಕ್ರದಲ್ಲೂ 5. ಎರಡೂ ಚಕ್ರ ಮೂಗು ಹೊರಗೆ ಮಾಡಿಕೊಂಡು ನಿಂತಿದ್ದವು. ಒಟ್ಟು 10 ಮಿಲಿಮೀಟರ್. ಇಂಥ ಕಾರಿಗೆ ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು, ಒಂದೆರಡು ಮಿಲಿಮೀಟರ್ ಅತ್ತಿತ್ತ.

ಮಾವನಿಗೆ ವಿವರಿಸೋಕೆ ಹೋದೆ. ಅವರು ಕೈ ತೋರಿಸಿ ನಿಲ್ಲಿಸಿದರು.

"ಜೋಡೆತ್ತು ಎರಡೂ ಆಚೆ ಆಚೆ ಎಳೀತಿವೆ ಅನ್ನಿ."

"ಹ್ಞೂಂ ಮಾವ."

"ಗಾಡಿ ನೆಟ್ಟಗೇ ಹೋಗುತ್ತೆ. ಎತ್ತಿನ ಗೊರಸು ಸವೆಯುತ್ತೆ."

ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ. ಎಡ ಚಕ್ರ ಎಡಕ್ಕೆ ಹೋಗೋಣ ಅನ್ನುತ್ತೆ, ಬಲದ್ದು ಬಲಕ್ಕೆ ಅನ್ನುತ್ತೆ. ಯಾರೂ ಗೆಲ್ಲಲ್ಲ. ಕಾರು ನೇರ ಹೋಗುತ್ತೆ, ರಬ್ಬರು ಉಜ್ಜಿ ಉಜ್ಜಿ ಹೋಗುತ್ತೆ.

ಮುಂದಿನ ಅಳತೆಯಲ್ಲಿ ಇಡೀ ಕಥೆ ಬಿಚ್ಚಿಕೊಂಡಿತು. ಸ್ಟೇರಿಂಗನ್ನು ಹನ್ನೆರಡಕ್ಕೆ ತಂದು, ಅಲ್ಲಾಡದ ಹಾಗೆ ಸೀಟಿನ ಕಾಲಿಗೆ ಎರಡೂ ಕಡೆ ಹಗ್ಗ ಕಟ್ಟಿದೆವು. ಚಕ್ರಗಳು ನೆಲಕ್ಕೆ ಕಚ್ಚಿಕೊಳ್ಳದೆ ಸಲೀಸಾಗಿ ತಿರುಗಲಿ ಅಂತ ಮೊದಲೇ ಒಂದೊಂದರ ಕೆಳಗೆ ಗೊಬ್ಬರದ ಚೀಲದ ಎರಡು ತುಂಡು, ನಡುವೆ ಗ್ರೀಸು ಬಳಿದು ಇಟ್ಟಿದ್ದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಇದಕ್ಕೆ ಉಕ್ಕಿನ ತಟ್ಟೆಗಳಿರುತ್ತವೆ. ನಮ್ಮದು ಯೂರಿಯಾ ಚೀಲ. ಕೆಲಸ ಒಂದೇ.

ಮತ್ತೆ ಅಳೆದೆ. ಬಲ ಚಕ್ರ: ಮುಂದೆ ಹಿಂದೆ ವ್ಯತ್ಯಾಸವೇ ಇಲ್ಲ. ನೆಟ್ಟಗೆ ಬಾಣದ ಹಾಗೆ. ಎಡ ಚಕ್ರ: ಪೂರ್ತಿ 10 ಮಿಲಿಮೀಟರ್ ಹೊರಗೆ.

ನನಗೆ ನಗು ಬಂತು. ಬಲಗಡೆಯದು ಏನೂ ಮಾಡಿಲ್ಲ ಪಾಪ. ಎರಡು ವರ್ಷದ ಹಿಂದೆ ಹೊಸ ಬಾಲ್ ಜಾಯಿಂಟ್ ಹಾಕಿದ್ದು ಎಡಕ್ಕೆ. ಹಾಕುವಾಗ ರಾಡು ಜಾಸ್ತಿ ಒಳಗೆ ಹೋಗಿ ಗಿಡ್ಡವಾಗಿ ಕೂತಿತ್ತು. ತಪ್ಪು ಒಂದೇ ಕಡೆ, ಆದರೆ ರಸ್ತೆಗೆ ಇಳಿದ ತಕ್ಷಣ ಎರಡೂ ಚಕ್ರ ಅದನ್ನು ಅರ್ಧ ಅರ್ಧ ಹಂಚಿಕೊಂಡವು. ನೆಲದ ಉಜ್ಜಾಟ ಎರಡನ್ನೂ ಸಮ ಮಾಡುತ್ತೆ. ಎಡ ಚಕ್ರ ತನ್ನ ಸೊಟ್ಟದಲ್ಲಿ ಅರ್ಧವನ್ನು ಬಲದ್ದಕ್ಕೆ ದಾಟಿಸುವಾಗ ನಡುವೆ ಇರುವ ರ‍್ಯಾಕನ್ನು ಎಡಕ್ಕೆ ತಳ್ಳುತ್ತೆ. ರ‍್ಯಾಕ್ ಎಡಕ್ಕೆ ಸರಿದರೆ ಸ್ಟೇರಿಂಗ್ ಬಲಕ್ಕೆ. ಹನ್ನೆರಡೂವರೆ ಅನ್ನೋದು ಆ ಎರಡು ಚಕ್ರಗಳ ರಾಜಿ ಪಂಚಾಯ್ತಿಯ ತೀರ್ಪು.

ರಾತ್ರಿಯ ಲೆಕ್ಕ ತಪ್ಪಿರಲಿಲ್ಲ, ಆದರೆ ಮೋಸದ ಲೆಕ್ಕ. ಎಡಕ್ಕೆ ಒಂದೂಕಾಲು ಉದ್ದ, ಬಲಕ್ಕೆ ಒಂದೂಕಾಲು ಗಿಡ್ಡ ಮಾಡಿದ್ದರೆ ಸ್ಟೇರಿಂಗ್ ಥಟ್ಟನೆ ಹನ್ನೆರಡಕ್ಕೆ ಬರುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. 10 ಮಿಲಿಮೀಟರ್ ಮಾತ್ರ ಹಾಗೇ ಇರುತ್ತಿತ್ತು, ಹೊಸ ಟೈರನ್ನೂ ಒಳಗಿಂದ ತಿಂದು ಹಾಕುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಏನು ಅಂದರೆ, ಇದ್ದ ಒಂದು ಸುಳಿವೂ ಅಳಿಸಿಹೋಗುತ್ತಿತ್ತು. ಸ್ಟೇರಿಂಗ್ ನೆಟ್ಟಗಿರುವ ಕಾರನ್ನು ಯಾರು ಬಗ್ಗಿ ನೋಡುತ್ತಾರೆ? ಎರಡೂ ಕಡೆ ರಾಡಿಗೆ ಕೈ ಹಾಕಬೇಕಾದ ಕೇಸುಗಳೂ ಇರುತ್ತವೆ, ಚಕ್ರಗಳ ನಡುವಿನ ಅಳತೆ ಸರಿಯಿದ್ದು ಸ್ಟೇರಿಂಗ್ ಮಾತ್ರ ವಾಲಿದ್ದರೆ. ಅಂಗಡಿಯಲ್ಲಿ ಸ್ಟೇರಿಂಗ್ ಕಟ್ಟಿಹಾಕದೆ ಅಲೈನ್‌ಮೆಂಟ್ ಮಾಡಿ ಕಳಿಸಿದಾಗ ಆಗೋದು ಅದೇ. ನನ್ನ ಬೆಂಗಳೂರಿನ ಕಾರಿಗೆ ಒಮ್ಮೆ ಹಾಗಾಗಿತ್ತು. ವಾಪಸ್ ಹೋಗಿ ಕೇಳಿದರೆ ಅವರು ಹೇಳಿದ್ದೂ "ಅಭ್ಯಾಸ ಆಗುತ್ತೆ ಸಾರ್" ಅಂತಲೇ.

ಇಲ್ಲಿ ಬೇಕಿದ್ದಿದ್ದು ಎಡಗಡೆ ರಾಡಿಗೆ ಎರಡೂವರೆ ಸುತ್ತು. ಅಷ್ಟೇ.

ಆ ಎರಡೂವರೆ ಸುತ್ತಿಗೆ ಮಧ್ಯಾಹ್ನ ಆಯಿತು. ಎಡ ಚಕ್ರ ಬಿಚ್ಚಿದೆವು. ಬರೀ ಜಾಕಿ ನಂಬಿ ಕಾರಿನ ಅಡಿಗೆ ತಲೆ ಹಾಕಬಾರದು. ಚಾಸಿಯ ಕೆಳಗೆ ಮರದ ದಿಮ್ಮಿ ಕೊಟ್ಟು, ಬಿಚ್ಚಿದ ಚಕ್ರವನ್ನೂ ಅಡಿಗೆ ಮಲಗಿಸಿದೆ. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡವೇ ಬೇಡ. ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಲಾಕ್ ನಟ್ಟಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸೋ ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿಟ್ಟಿದ್ದೆ. ಆದರೂ ಅದು ಮಲೆನಾಡಿನ ತುಕ್ಕು, ಸುಲಭಕ್ಕೆ ಮಣಿಯಲ್ಲ. ಬಾಲ್ ಜಾಯಿಂಟನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ನಟ್ಟಿಗೆ ಇನ್ನೊಂದು ಹಾಕಿ, ಅದಕ್ಕೆ ಪೈಪ್ ಸಿಕ್ಕಿಸಿ ಒತ್ತಿದೆ. ಟಕ್ ಅಂತ ಬಿಟ್ಟಿತು. ನನ್ನ ಗೆಣ್ಣು ಹೋಗಿ ಬ್ರೇಕಿನ ತಗಡಿಗೆ ಹೊಡೆದು ಸಿಪ್ಪೆ ಎದ್ದಿತು.

ರಾಡು ತಿರುಗಿಸುವ ಮೊದಲು ಇನ್ನೊಂದು ಸಣ್ಣ ವಿಷಯ. ರ‍್ಯಾಕಿನ ತುದಿಗೆ ಅಕಾರ್ಡಿಯನ್ ಥರ ಮಡಿಕೆ ಮಡಿಕೆಯ ರಬ್ಬರ್ ಬೂಟು ಇರುತ್ತೆ, ಧೂಳು ನೀರು ಹೋಗದಿರಲಿ ಅಂತ. ಅದರ ಸಣ್ಣ ಬಾಯಿಗೆ ಒಂದು ಕ್ಲಿಪ್ಪು. ಕ್ಲಿಪ್ ಸಡಿಲಿಸದೆ ರಾಡು ತಿರುಗಿಸಿದರೆ ಬೂಟು ಹಿಂಡಿದ ಬಟ್ಟೆ ಥರ ಮುರುಚಿಕೊಳ್ಳುತ್ತೆ. ಆಮೇಲೆ ಎಲ್ಲೋ ಹರಿದು, ಒಳಗೆ ಕೆಸರು ಹೋಗಿ, ಇಡೀ ರ‍್ಯಾಕಿಗೇ ಕುತ್ತು. ಕ್ಲಿಪ್ ಸರಿಸಿ, ಬೂಟಿನ ಬಾಯಿಯ ಕೆಳಗೆ ಚೂರು ಗ್ರೀಸ್ ಸವರಿದೆ. ರಾಡಿಗೆ ಅದೇ ನೈಲ್ ಪಾಲಿಶಿನ ಚುಕ್ಕಿ ಇಟ್ಟೆ, ಸುತ್ತು ಎಣಿಸೋಕೆ. ಒಂದು. ಎರಡು. ಅರ್ಧ.

ಚಕ್ರ ಹಾಕಿ, ಇಳಿಸಿ, ಕಾರನ್ನು ನಾಲ್ಕು ಮಾರು ಹಿಂದೆ ಮುಂದೆ ಮಾಡಿ ಅಳೆದರೆ ಎರಡೂ ಕಡೆ ಹತ್ತಿರ ಹತ್ತಿರ ಸೊನ್ನೆ. ಲಾಕ್ ನಟ್ಟು ಬಿಗಿದೆ. ಮತ್ತೆ ಅಳೆದೆ. ಎಡಕ್ಕೆ 1 ಮಿಲಿಮೀಟರ್ ಕೆಟ್ಟಿತ್ತು! ನಟ್ಟು ಬಿಗಿಯುವಾಗ ರಾಡೂ ಅದರ ಜೊತೆ ಕಾಲು ಸುತ್ತು ತಿರುಗಿಬಿಟ್ಟಿತ್ತು. ಮತ್ತೆ ಸಡಿಲಿಸು, ಮತ್ತೆ ಕಾಲು ಸುತ್ತು, ಈ ಸಲ ರಾಡನ್ನು ಗಟ್ಟಿ ಹಿಡಿದು ಬಿಗಿ. ಹಿಡಿಯೋಕೆ ಮಾವನೇ ಬಂದರು. ಪಂಚೆ ಎತ್ತಿ ಕಟ್ಟಿ, ಕನ್ನಡಕ ತೆಗೆದು ಜೇಬಿಗೆ ಹಾಕಿ, ಕೂತರು. "ಈ ಸ್ಪ್ಯಾನರನ್ನ ಹೀಗೇ ಹಿಡ್ಕೊಂಡಿರಬೇಕಾ?" ಅಂತ ಎರಡು ಸಲ ಕೇಳಿ, ಅಲ್ಲಾಡಿಸಲಿಲ್ಲ.

ಕೊನೆಗೆ ಒಟ್ಟು ವ್ಯತ್ಯಾಸ 1 ಮಿಲಿಮೀಟರಿಗಿಂತ ಕಮ್ಮಿ. ದಾರ ಮತ್ತು ಸ್ಕೇಲಿನಲ್ಲಿ ಇದಕ್ಕಿಂತ ಚೆನ್ನಾಗಿ ಅಳೆದೆ ಅಂತ ಹೇಳಿದರೆ ಅದು ಬುರುಡೆ. ಚಕ್ರ ಮೇಲಿನಿಂದ ಒಳಗೆ ಹೊರಗೆ ವಾಲಿದೆಯಾ ಅನ್ನೋದನ್ನು ದಾರ ಹೇಳೋದೂ ಇಲ್ಲ. ಒಮ್ಮೆ ಹಾಸನದ ಮೆಷಿನ್ನಿಗೆ ತೋರಿಸಿ ಅಂತ ಮಾವನಿಗೆ ಹೇಳಿದ್ದೇನೆ. ತೋರಿಸಿಲ್ಲ. ಇನ್ನೊಂದು ಮಾತು ಕೂಡ. ಗುಂಡಿಗೆ ಬಿದ್ದು ರಾಡೋ ತೋಳೋ ಬಗ್ಗಿದ್ದರೆ, ಬಾಲ್ ಜಾಯಿಂಟಲ್ಲಿ ಆಟ ಇದ್ದರೆ, ಕಾರು ಒಂದು ಕಡೆಗೇ ಎಳೆಯುತ್ತಿದ್ದರೆ, ಸುತ್ತು ಎಣಿಸಿ ಅದನ್ನು ಮುಚ್ಚಿಹಾಕೋಕೆ ಹೋಗಬಾರದು. ಬಗ್ಗಿದ್ದನ್ನು ಬದಲಾಯಿಸಬೇಕು. ನಮ್ಮದರಲ್ಲಿ ಹಾಗೇನೂ ಇರಲಿಲ್ಲ ಅಂತ ನೋಡಿಕೊಂಡೇ ಕೈ ಹಾಕಿದ್ದು.

ಸಂಜೆ ಹೆದ್ದಾರಿಯ ಒಂದು ನೇರ ಭಾಗದಲ್ಲಿ ಓಡಿಸಿ ನೋಡಿದೆ. ರಸ್ತೆ ನೀರು ಹರಿಯಲಿ ಅಂತ ಎಡಕ್ಕೆ ತುಸು ಇಳಿಜಾರು ಇರುವುದರಿಂದ ಕಾರು ಸ್ವಲ್ಪ ಎಡಕ್ಕೆ ಜಾರೋದು ಸಹಜ. ಆ ಮಟ್ಟಿಗೆ ಬಿಟ್ಟರೆ ಸ್ಟೇರಿಂಗ್ ಹನ್ನೆರಡು. ಕಡ್ಡಿ ಇಟ್ಟ ಹಾಗೆ. ತಿರುವು ಮುಗಿದಾಗ ತಾನಾಗೇ ವಾಪಸ್ ಬರುವುದೂ ಚುರುಕಾಗಿತ್ತು.

ಮಾರನೇ ದಿನ ಬೆಳಿಗ್ಗೆ ಸ್ಪ್ಯಾನರು, ಸುತ್ತಿಗೆ, ಕತ್ತಿ, ಗುದ್ದಲಿ ಎಲ್ಲಾ ತೊಳೆದು ಮಣೆ ಮೇಲೆ ಜೋಡಿಸಿ ಕುಂಕುಮ ಇಟ್ಟೆವು. ಪೂಜೆಗಿಟ್ಟ ಮೇಲೆ ಅವನ್ನು ಮುಟ್ಟೋ ಹಾಗಿಲ್ಲ. ಏನಾದರೂ ತಪ್ಪಾಗಿದ್ದರೆ ವಿಜಯದಶಮಿವರೆಗೂ ಹಾಗೇ ಅಂತ ನನಗೆ ಒಳಗೊಳಗೇ ಪುಕಪುಕ. ಗೆಣ್ಣಿಗೆ ಬ್ಯಾಂಡೇಡ್ ಹಾಕಿದ್ದೆ, ಅತ್ತೆ ಅದಕ್ಕೂ ಸೇರಿಸಿ ಮಂಗಳಾರತಿ ತೋರಿಸಿದರು. ಕಾರಿಗೆ ಸೇವಂತಿಗೆ ಹಾರ, ಬೂದುಗುಂಬಳ ಒಡೆದದ್ದು, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಮಾವ ಕೂತು ಸ್ಟಾರ್ಟ್ ಮಾಡಿ ನಿಂಬೆಹಣ್ಣಿನ ಮೇಲೆ ಹತ್ತಿಸಿ ಗೇಟಿನ ಕಡೆ ಹೊರಟರು. ಪಚ್ ಪಚ್ ಅಂತ ಎಲ್ಲಾ ಒಡೆದವು. ಕಾರು ಮಾತ್ರ ನಿಧಾನಕ್ಕೆ ಬಲಕ್ಕೆ ತಿರುಗಿ ಅತ್ತೆಯ ದಾಸವಾಳದ ಗಿಡದ ಹತ್ತಿರ ಹೋಗಿ ನಿಂತಿತು.

"ಬಲಕ್ಕೆ ಎಳೀತಿದೆ ಅಳಿಯಂದ್ರೆ!"

ಓಡಿಹೋಗಿ ನೋಡಿದೆ. ಎಳೀತಿದ್ದದ್ದು ಕಾರಲ್ಲ. ಅವರ ಕೈ ತಾನಾಗೇ ಹನ್ನೆರಡೂವರೆಗೆ ಹೋಗಿ ಕೂತಿತ್ತು. ತಲೆಯೂ ವಾಲಿತ್ತು.

ಬೇಸಿಗೆ ರಜೆಗೆ ಮತ್ತೆ ಹೋಗಿದ್ದೆವು. ಅಷ್ಟರಲ್ಲಿ ಮುಂದಿನ ಟೈರು ಎರಡೂ ಹೊಸದು ಬಂದಿದ್ದವು. ಒಳ ಅಂಚಿಗೆ ಬೆರಳಾಡಿಸಿ ನೋಡಿದೆ, ಹೊರ ಅಂಚಿನಷ್ಟೇ ನಯ. ಬಾಗಿಲು ತೆಗೆದು ಒಳಗೆ ಕೂತೆ. ಸ್ಟೇರಿಂಗ್ ನೆಟ್ಟಗಿತ್ತು. ನಾನು ನೆತ್ತಿಗೆ ಅಂಟಿಸಿ ಮರೆತು ಹೋಗಿದ್ದ ಕಪ್ಪು ಟೇಪಿನ ತುಂಡು ಮಾತ್ರ ಇದ್ದ ಜಾಗದಲ್ಲಿ ಇರಲಿಲ್ಲ. ಯಾರೋ ಕಿತ್ತು, ಐದು ಸೆಂಟಿಮೀಟರ್ ಬಲಕ್ಕೆ, ನೀಟಾಗಿ ಒತ್ತಿ ಅಂಟಿಸಿದ್ದರು.

"ಅದು ಇರಲಿ" ಅಂದರು ಮಾವ, ಕಿಟಕಿಯಿಂದ ಬಗ್ಗಿ. "ಕೈ ಇಡೋಕೆ ಗುರುತು."